ಇತಿಹಾಸದ ಉಚ್ಚ ಅಭ್ಯಾಸ: ನಮ್ಮ ಮಕ್ಕಳಿಗೆ ದಾರಿಯುಂಟೆ?

ಹತ್ತನೆಯ ಇಯತ್ತೆಯ ಫಲಿತಾಂಶ ಕೈಗೆ ಬಂದ ದಿನ ನಮ್ಮ ಕಡೆಯ ಮನೆಗಳಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ತೆರನಾದುದು. ಗುಣಗಳು ಹೆಚ್ಚು ಬಂದಿದ್ದರೆ ವಿಜ್ಞಾನ ಶಾಖೆ, ಮಧ್ಯಮವಿದ್ದರೆ ವಾಣಿಜ್ಯ ಇಲ್ಲವೆ ಐ.ಟಿ.ಐ., ಕಡಿಮೆಯಾಗಿದ್ದರೆ ‘ಇನ್ನೇನು, ಆರ್ಟ್ಸ್ ಇದ್ದೇ ಇದೆಯಲ್ಲ’ ಎಂಬ ನಿಟ್ಟುಸಿರು. ಆರ್ಟ್ಸಿನಲ್ಲಿಯೂ ಇತಿಹಾಸವೆಂದರೆ ಕಡೆಯ ಪಂಕ್ತಿ. ಸತ್ತವರ ಸುದ್ದಿ ಓದಿದರೆ ಇದ್ದವರ ಹೊಟ್ಟೆ ತುಂಬೀತೇ ಎಂದು ಪಾಲಕರು ಕೇಳುತ್ತಾರೆ. ಮಳೆಯನ್ನು ನಂಬಿ ಬಿತ್ತುವ, ಬೆಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಊರು ಬಿಡುವ ಜನ ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನ್ಯಾಯವಾಗಿರಬೇಕು. ಇತಿಹಾಸವನ್ನು ಎಂ.ಎ. ಮತ್ತು ಪಿಎಚ್.ಡಿ.ವರೆಗೆ ಓದುವುದೆಂದರೆ ಏನು, ಅದಕ್ಕೆ ಎಷ್ಟು ವರ್ಷ, ಎಷ್ಟು ದುಡ್ಡು, ಎಂಥ ಮನಸ್ಸು ಬೇಕು, ಜತ್ತ ತಾಲೂಕಿನ ಕನ್ನಡ ಶಾಲೆಯ ಹುಡುಗನಿಗೆ ಅಥವಾ ಹುಡುಗಿಗೆ ಅದು ನಿಲುಕುವಂಥದೇ ಎಂಬುದನ್ನು ನಾವಿಲ್ಲಿ ವಿಚಾರ ಮಾಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ ದೂರಾಗಬೇಕು. ಶಾಲೆಯಲ್ಲಿ ನಾವು ಕಲಿಸುವ ಇತಿಹಾಸ ಹೆಚ್ಚಾಗಿ ಉತ್ತರಗಳ ಇತಿಹಾಸ. ಯಾವ ಯುದ್ಧ ಯಾವ ಇಸವಿಯಲ್ಲಿ, ಯಾರ ತರುವಾಯ ಯಾರು ಎಂದು ಬಾಯಿಪಾಠ ಮಾಡಿ ಬರೆದರೆ ಗುಣ ಸಿಗುತ್ತವೆ. ಬಿ.ಎ.ಯಲ್ಲಿಯೂ ಬಹಳ ಮಟ್ಟಿಗೆ ಹೀಗೆಯೇ. ಎಂ.ಎ.ಗೆ ಹೋದಾಗ ಒಂದೇ ಸಂಗತಿಯ ಮೇಲೆ ಇಬ್ಬರು ಮೂವರು ಪಂಡಿತರು ಬರೆದುದನ್ನು ಮುಂದಿಟ್ಟುಕೊಂಡು, ಇವರಲ್ಲಿ ಭಿನ್ನಾಭಿಪ್ರಾಯ ಏಕೆ ಬಂತೆಂದು ನೋಡಬೇಕಾಗುತ್ತದೆ. ಪಿಎಚ್.ಡಿ.ಗೆ ಬಂದ ಮೇಲೆ ಪುಸ್ತಕ ಸಾಕಾಗುವುದಿಲ್ಲ. ಪುಸ್ತಕ ಬರೆದವರ ಕೈಗೆ ಸಿಕ್ಕಿದ ಕಲ್ಲು, ತಾಮ್ರಪಟ, ಓಲೆಗರಿ, ಕಾಗದ ಎಲ್ಲಿವೆ, ಅವರ ಕೈಗೆ ಸಿಗದೆ ಉಳಿದವು ಎಲ್ಲಿವೆ ಎಂದು ಹುಡುಕಿಕೊಂಡು ಹೋಗಬೇಕು. ಈವರೆಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಿ, ಸಾಕ್ಷಿಯ ಬಲದಿಂದ ಉತ್ತರ ಕೊಟ್ಟು, ಬಲ್ಲವರ ಎದುರು ನಿಂತು ಅದನ್ನು ಸಮರ್ಥಿಸಿದಾಗ ಆ ಪದವಿ ದೊರೆಯುತ್ತದೆ. ಹೊಲಕ್ಕೆ ಬಾವಿ ತೋಡುವ ಕೆಲಸದ ಹಾಗೆ. ನೀರು ಎಲ್ಲಿದೆ ಎಂದು ಅಂದಾಜು ಮಾಡುವುದೇ ಅರ್ಧ ವಿದ್ಯೆ.

ದೂರದ ಉದಾಹರಣೆ ಬೇಡ, ನಮ್ಮ ತಾಲೂಕಿನ ಉಮರಾಣಿಯನ್ನೇ ತೆಗೆದುಕೊಳ್ಳೋಣ. 1673ರ ಏಪ್ರಿಲದಲ್ಲಿ ಇಲ್ಲಿ ಶಿವಾಜಿ ಮಹಾರಾಜರ ಸರನೌಬತ ಪ್ರತಾಪರಾವ ಗುಜರ ಮತ್ತು ವಿಜಾಪುರದ ಆದಿಲಶಾಹಿಯ ಸರದಾರ ಬಹಲೋಲಖಾನ ಇವರ ನಡುವೆ ಕಾಳಗ ನಡೆಯಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಪನ್ಹಾಳಗಡ ಮರಾಠರ ಕೈಸೇರಿತ್ತು. ವಿಜಾಪುರದಲ್ಲಿ ಎರಡನೆಯ ಅಲಿ ಆದಿಲಶಹ 1672ರ ಕೊನೆಗೆ ತೀರಿಕೊಂಡು, ಎಳೆಯ ಸಿಕಂದರ ಗಾದಿಯ ಮೇಲಿದ್ದ. ಪನ್ಹಾಳವನ್ನು ಮರಳಿ ಪಡೆಯಲು ಹೊರಟ ಖಾನನ ಸೈನ್ಯವನ್ನು ಪ್ರತಾಪರಾವ ಉಮರಾಣಿಯ ಬಳಿ ಸುತ್ತುಗಟ್ಟಿ, ಅದಕ್ಕೆ ನೀರು ಸಿಗದಂತೆ ಮಾಡಿದ. ಚೈತ್ರ ವೈಶಾಖದ ಬಿಸಿಲಿನಲ್ಲಿ ನಮ್ಮ ನೆಲದಲ್ಲಿ ನೀರಿಲ್ಲದೆ ನಿಲ್ಲುವುದೆಂದರೆ ಏನೆಂದು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಖಾನ ಸೋತು ಶರಣು ಬಂದ. ಪ್ರತಾಪರಾವ ಅವನನ್ನು ಬಿಟ್ಟುಕೊಟ್ಟ. ಇದು ಮಹಾರಾಜರಿಗೆ ಹಿಡಿಸಲಿಲ್ಲ. ಬಿಟ್ಟ ಖಾನ ಮತ್ತೆ ತಿರುಗಿಬಿದ್ದ, 1674ರ ಫೆಬ್ರುವರಿಯಲ್ಲಿ ಗಡಹಿಂಗ್ಲಜದ ಹತ್ತಿರ ನೇಸರಿಯಲ್ಲಿ ಪ್ರತಾಪರಾವ ಅವನ ಮೇಲೆ ಏರಿಹೋಗಿ ಮಡಿದ.

ಶಾಲೆಯ ಪುಸ್ತಕಕ್ಕೆ ಇಷ್ಟು ಸಾಕು. ಸಂಶೋಧಕನಿಗೆ ಇಲ್ಲಿಂದ ಕೆಲಸ ಶುರುವಾಗುತ್ತದೆ. ಈ ಸಂಗತಿ ನಮಗೆ ಗೊತ್ತಾದದ್ದು ಯಾರಿಂದ? ಕೃಷ್ಣಾಜಿ ಅನಂತ ಸಭಾಸದ ಬರೆದ ಮರಾಠಿ ಬಖರಿನಲ್ಲಿ ಉಮರಾಣಿಯ ಮಾತು ಬರುತ್ತದೆ. ಆದರೆ ಅವನು ಬರೆದದ್ದು ಕಾಳಗವಾಗಿ ಇಪ್ಪತ್ತು ವರ್ಷಗಳ ಮೇಲೆ, ದೂರದ ಜಿಂಜಿ ಕೋಟೆಯಲ್ಲಿ ಕುಳಿತು, ರಾಜಾರಾಮ ಮಹಾರಾಜರ ಆಶ್ರಯದಲ್ಲಿ. ಜಯರಾಮ ಪಿಂಡ್ಯೆ ಎಂಬ ಕವಿಯ ‘ಪರ್ಣಾಲಪರ್ವತಗ್ರಹಣಾಖ್ಯಾನ’ ಸಂಸ್ಕೃತದಲ್ಲಿದೆ. ಅದು ಸಮಕಾಲೀನ ಕೃತಿ ನಿಜ, ಆದರೆ ಕಾವ್ಯ. ಕವಿಗೆ ನಾಯಕನನ್ನು ಹೊಗಳುವ ಹೊಣೆಯಿರುತ್ತದೆ. ವಿಜಾಪುರದ ಕಡೆಯ ಮಾತು ಕೇಳಬೇಕೆಂದರೆ ಇಬ್ರಾಹಿಂ ಜುಬೈರಿಯ ‘ಬಸಾತೀನುಸ್ಸಲಾತೀನ’ ಎಂಬ ಪರ್ಷಿಯನ್ ಗ್ರಂಥವುಂಟು, ಆದರೆ ಅದು 19ನೆಯ ಶತಮಾನದ ಬರವಣಿಗೆ. ಆ ಕಾಲದ ಇಂಗ್ಲಿಷ್ ವ್ಯಾಪಾರಿಗಳು ತಮ್ಮ ಕೋಠಿಗಳಿಂದ ಬರೆದ ಪತ್ರಗಳನ್ನು 1931ರಲ್ಲಿ ಪುಣೆಯ ಶಿವಚರಿತ್ರ ಕಾರ್ಯಾಲಯ ಅಚ್ಚು ಹಾಕಿಸಿತು. ಅವರಿಗೆ ಯಾರು ಗೆದ್ದರೆಂಬುದಕ್ಕಿಂತ ಮೆಣಸು ಬಟ್ಟೆಗಳ ದಾರಿ ತೆರೆದಿದೆಯೇ ಎಂಬ ಚಿಂತೆ ಹೆಚ್ಚು. ಹಾಗಿದ್ದುದರಿಂದಲೇ ಕೆಲವೊಮ್ಮೆ ಅವರ ಮಾತಿಗೆ ಬೆಲೆ ಬರುತ್ತದೆ. ಇಷ್ಟನ್ನೂ ಒಂದರ ಪಕ್ಕ ಒಂದಿಟ್ಟು ನೋಡಬೇಕು. ಸೈನ್ಯ ಎಷ್ಟಿತ್ತು? ಖಾನನನ್ನು ಬಿಟ್ಟದ್ದು ಕರುಣೆಯಿಂದಲೋ, ಒಪ್ಪಂದದಿಂದಲೋ? ಕೆರೆ ಯಾವುದು, ಆಗ ಅದರ ಏರಿ ಎಲ್ಲಿಯವರೆಗೆ ಇತ್ತು? ಸುತ್ತಲಿನ ಕನ್ನಡ ಹಾಡು ಕಥೆಗಳಲ್ಲಿ ಇದರ ನೆನಪು ಉಳಿದಿದೆಯೇ? ಕೊನೆಯ ಎರಡು ಪ್ರಶ್ನೆಗಳಿಗೆ ಪುಣೆಯಲ್ಲಿ ಅಥವಾ ದಿಲ್ಲಿಯಲ್ಲಿ ಕುಳಿತವರಿಗಿಂತ ಉಮರಾಣಿಯ ಹುಡುಗಿಯೊಬ್ಬಳು ಚೆನ್ನಾಗಿ ಕೆಲಸ ಮಾಡಬಲ್ಲಳು.

ಅದೇ ಉಮರಾಣಿಗೆ ಇನ್ನೂ ಹಳೆಯದಾದ ಒಂದು ಹಿರಿಮೆಯುಂಟು. ಗುಡ್ಡಾಪುರದ ದಾನಮ್ಮದೇವಿ ಹನ್ನೆರಡನೆಯ ಶತಮಾನದ ಶರಣೆ, ಉಮರಾಣಿಯಲ್ಲಿ ಲಿಂಗಮ್ಮನೆಂಬ ಹೆಸರಿನಿಂದ ಹುಟ್ಟಿ ಕಲ್ಯಾಣದ ಶರಣರ ಜೊತೆ ಬಾಳಿದವಳು ಎಂಬುದು ನಮ್ಮ ಕಡೆಯ ನಂಬುಗೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಎರಡೂ ರಾಜ್ಯಗಳ ಜನ ನಡೆದುಕೊಂಡು ಬರುತ್ತಾರೆ. ಇಲ್ಲಿ ಸಂಶೋಧಕ ಕೇಳುವ ಪ್ರಶ್ನೆಗಳು ಬೇರೆ. ಈ ಚರಿತ್ರೆ ಮೊದಲು ಬರಹಕ್ಕೆ ಇಳಿದದ್ದು ಯಾವಾಗ? ಬಾಯಿಮಾತಿನ ಕಥೆಗೂ ಪುರಾಣದ ಕಥೆಗೂ ಎಲ್ಲಿ ವ್ಯತ್ಯಾಸ? ಗುಡಿಯ ಕಂಬ, ಬಾಗಿಲವಾಡ, ಶಿಖರ ಯಾವ ಯಾವ ಕಾಲದವು? ದಾನವೆಂಬ ಗುಣ ಒಬ್ಬ ಹೆಣ್ಣುಮಗಳ ಹೆಸರೇ ಆಗಿಬಿಟ್ಟದ್ದು ಆ ಕಾಲದ ಸಮಾಜದ ಬಗ್ಗೆ ಏನು ಹೇಳುತ್ತದೆ? ಹೀಗೆ ಕೇಳಿದರೆ ದೇವಿಗೆ ಅಪಚಾರವಾಯಿತೆಂದು ಕೆಲವು ಹಿರಿಯರು ಅಂಜುವುದುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಕಾಯಿ ಒಡೆದು ಕೈಮುಗಿದ ಮೇಲೆ ಕಂಬದ ಮೇಲಿನ ಅಕ್ಷರ ಓದಿದರೆ ಭಕ್ತಿ ಕಡಿಮೆಯಾಗುವುದೇ?

ಈಗ ಭಾಷೆಯ ಮಾತು. ನಮ್ಮ ಮಕ್ಕಳು ಗಡಿಯಲ್ಲಿ ಹುಟ್ಟಿದ್ದನ್ನು ಬಹುಜನ ಒಂದು ಕೊರತೆಯೆಂದು ಎಣಿಸುತ್ತಾರೆ. ಮನೆಯಲ್ಲಿ ಕನ್ನಡ, ತಹಸೀಲ ಕಚೇರಿಯಲ್ಲಿ ಮರಾಠಿ, ಮೇಲಿನ ಓದಿಗೆ ಇಂಗ್ಲಿಷ್. ಯಾವುದೂ ಪೂರಾ ಬರಲಿಲ್ಲವೆಂಬ ದೂರು. ದಖ್ಖನಿನ ಇತಿಹಾಸ ಓದುವವನಿಗೆ ಮಾತ್ರ ಇದೇ ದೊಡ್ಡ ಬಂಡವಾಳ. ಚಾಲುಕ್ಯರು, ಕಳಚುರ್ಯರು, ದೇವಗಿರಿಯ ಸೇವುಣರು ಆಳಿದ ಕಾಲದಲ್ಲಿ ಈ ಭಾಗದ ಶಾಸನಗಳು ಹೆಚ್ಚಾಗಿ ಕನ್ನಡದಲ್ಲಿವೆ. ಪಕ್ಕದ ಮಂಗಳವೇಢೆ ಬಿಜ್ಜಳನ ಊರು. ಆದಿಲಶಾಹಿಯ ಫರ್ಮಾನುಗಳು ಪರ್ಷಿಯನ್‌ನಲ್ಲಿ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನದ ಕಾಲದ ಮರಾಠಿ ಕಾಗದಗಳನ್ನು ಓದಲು ಮೋಡಿ ಲಿಪಿ ಬರಬೇಕು. ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ, ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜಂದಿರ ಕಾಲದ ಖರೀದಿ ಪತ್ರ, ವತನದ ಕಾಗದ ಮಡಚಿಕೊಂಡು ಬಿದ್ದಿವೆ. ಓದಬಲ್ಲವರು ಊರಿಗೆ ಒಬ್ಬರೂ ಉಳಿದಿಲ್ಲ. ಪುಣೆಯ ಸರಕಾರಿ ಪುರಾಲೇಖಾಗಾರದಲ್ಲಿ ಪೇಶವೆ ದಫ್ತರದ ಕಾಗದಗಳು ಸಾವಿರಾರು ರುಮಾಲುಗಳಲ್ಲಿ ಕಟ್ಟಿಟ್ಟಿವೆ. ಗೋ.ಸ. ಸರದೇಸಾಯಿಯವರು ಅದರಿಂದ ಆರಿಸಿ 1930ರಿಂದ ಮುಂದೆ 45 ಸಂಪುಟಗಳನ್ನು ಪ್ರಕಟಿಸಿದರು. ಆರಿಸದೆ ಉಳಿದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಧಾರವಾಡದ ಹುಡುಗ ಮೋಡಿ ಕಲಿಯುವ ಮೊದಲು ಮರಾಠಿ ಕಲಿಯಬೇಕು. ಪುಣೆಯ ಹುಡುಗ ಶಾಸನ ಓದುವ ಮೊದಲು ಕನ್ನಡ ಕಲಿಯಬೇಕು. ಸಂಖ, ಉಮದಿ, ಬಿಳೂರಿನ ಹುಡುಗನಿಗೆ ಎರಡೂ ಹುಟ್ಟಿನಿಂದ ಬಂದಿವೆ. ಅವನು ಹಳಗನ್ನಡ, ಮೋಡಿ ಮತ್ತು ಸ್ವಲ್ಪ ಪರ್ಷಿಯನ್ ಅಥವಾ ಸಂಸ್ಕೃತ ಇವನ್ನು ಕೂಡಿಸಿಕೊಂಡರೆ ಸಾಕು.

ಇಂಥ ಎರಡು ಭಾಷೆಯ ವಿದ್ವಾಂಸರು ನಮ್ಮ ಭಾಗದಲ್ಲಿ ಆಗಿಹೋಗಿಲ್ಲವೆಂದಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಕೂಡಿಸಿ 1939ರಲ್ಲಿ ಪುಸ್ತಕ ತಂದರು. ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಆ.ನೇ. ಉಪಾಧ್ಯೆಯವರು ಸದಲಗಾದವರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಸಾಹಿತ್ಯ ಅಕಾದೆಮಿಯ ಬಹುಮಾನ ಬಂತು, ಕನ್ನಡ ಸಾಹಿತ್ಯದ ಇತಿಹಾಸ ನಮ್ಮ ಜಿಲ್ಲಾ ಸ್ಥಳದಲ್ಲಿ ಪಾಠ ಹೇಳುತ್ತಿದ್ದವರ ಲೇಖನಿಯಿಂದ ಬಂದಿತೆಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ರಾಷ್ಟ್ರಕೂಟರ ಮೇಲೆ 1934ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದ ಅ.ಸ. ಆಳತೇಕರ ಕೊಲ್ಲಾಪುರ ಕಡೆಯವರು, ಕೆಲಸ ಮಾಡಿದ್ದು ಕಾಶಿಯಲ್ಲಿ. ಸೇವುಣರ ಇತಿಹಾಸ ಬರೆದ ಧಾರವಾಡದ ಶ್ರೀನಿವಾಸ ರಿತ್ತಿಯವರು ಸೊಲ್ಲಾಪುರದ ಆನಂದ ಕುಂಭಾರರ ಜೊತೆ ಸೇರಿ ಆ ಜಿಲ್ಲೆಯ ಶಾಸನಗಳ ಸಂಪುಟವನ್ನು 1988ರಲ್ಲಿ ತಂದರು. ಹತ್ತರಸಂಗ ಕೂಡಲದ ಶಕ 940ರ ಪ್ರಸಿದ್ಧ ಶಾಸನವನ್ನು ಬೆಳಕಿಗೆ ತಂದವರು ಇದೇ ಕುಂಭಾರರು. ಅದರಲ್ಲಿ ಮರಾಠಿಯ ಅತ್ಯಂತ ಹಳೆಯ ಸಾಲುಗಳಲ್ಲೊಂದಿದೆ. ಭೀಮಾ ಸೀನಾ ನದಿಗಳ ಸಂಗಮದಲ್ಲಿ, ಕನ್ನಡ ಶಾಸನಗಳ ನಡುವೆ ಮರಾಠಿಯ ಆದಿಯ ಸಾಲು ಸಿಕ್ಕಿತು ಎಂಬುದನ್ನು ಈಗಿನ ಗಡಿ ಜಗಳಗಳ ಕಾಲದಲ್ಲಿ ಎರಡೂ ಕಡೆಯವರು ಒಮ್ಮೆ ಸಮಾಧಾನದಿಂದ ನೆನೆಯುವುದು ಒಳ್ಳೆಯದು.

ಶಕ 940 ಎಂದೆವಲ್ಲ, ಅದನ್ನು ಇಸವಿಗೆ ತರುವುದು ಹೇಗೆ? ಚೈತ್ರದಿಂದ ಡಿಸೆಂಬರದವರೆಗೆ 78, ಜನವರಿಯಿಂದ ಫಾಲ್ಗುಣದ ಕೊನೆಯವರೆಗೆ 79 ಕೂಡಿಸಬೇಕು. ಹಾಗಾಗಿ ಅದು 1018. ಶಾಸನಗಳಲ್ಲಿ ಶಕದ ಜೊತೆ ಸಂವತ್ಸರ, ಮಾಸ, ತಿಥಿ, ವಾರ ಕೊಟ್ಟಿರುತ್ತಾರೆ. ಶಿವಾಜಿ ಮಹಾರಾಜರ ಪಟ್ಟಾಭಿಷೇಕ ಶಕ 1596, ಆನಂದ ಸಂವತ್ಸರ, ಜ್ಯೇಷ್ಠ ಶುದ್ಧ ತ್ರಯೋದಶಿ. ಅಂದರೆ 1674ರ ಜೂನ್ 6. ಸಂವತ್ಸರ ಅರವತ್ತಕ್ಕೊಮ್ಮೆ ತಿರುಗಿ ಬರುವುದರಿಂದ ಕಲ್ಲಿನ ಮೇಲೆ ಶಕದ ಅಂಕಿ ಸವೆದುಹೋಗಿದ್ದರೂ ಉಳಿದವುಗಳಿಂದ ವರ್ಷ ಹಿಡಿಯಬಹುದು. ಒಂದಕ್ಕೊಂದು ಹೊಂದದಿದ್ದರೆ ಶಾಸನ ಕೂಟವೋ, ಬರೆದವನ ಕೈತಪ್ಪೋ ಎಂಬ ಸಂಶಯ ಬರುತ್ತದೆ. ಗಣಿತದಲ್ಲಿ ಜಾಣನಾದ ಹುಡುಗ ಇತಿಹಾಸಕ್ಕೆ ಬಂದರೆ ಗಣಿತ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ.

ಶಾಸನದ ಪಡಿಯಚ್ಚು ತೆಗೆಯುವ ಕೆಲಸವೂ ನೋಡತಕ್ಕದ್ದು. ಕಲ್ಲನ್ನು ನೀರಿನಿಂದ ಚೆನ್ನಾಗಿ ತೊಳೆದು, ನೆನೆಸಿದ ಗಟ್ಟಿ ಕಾಗದವನ್ನು ಅದರ ಮೇಲೆ ಹರವಿ, ಬಿರುಸು ಕೂದಲಿನ ಕುಂಚದಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಆ ಮೇಲೆ ಬಟ್ಟೆಯ ಉಂಡೆಗೆ ಕಾಡಿಗೆಯ ಮಸಿ ಹಚ್ಚಿ ಹಗುರವಾಗಿ ಒತ್ತಿದರೆ ಮೇಲ್ಮೈ ಕಪ್ಪಾಗಿ, ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬರಿಗಣ್ಣಿಗೆ ಬರಿಯ ಬಂಡೆಯಾಗಿ ಕಂಡದ್ದು ಕಾಗದದ ಮೇಲೆ ಸಾಲುಸಾಲಾಗಿ ಮೂಡುವುದನ್ನು ಒಮ್ಮೆ ಕಂಡ ಹುಡುಗ ಮುಂದೆ ಯಾವ ಗುಡಿಯ ಕಟ್ಟೆಯ ಮೇಲೂ ಸುಮ್ಮನೆ ಕೂಡಲಾರ. ಹೀಗೆ ಓದಿದ ಶಾಸನಗಳಿಂದ ರಾಜರ ಹೆಸರು ತಿಳಿಯುತ್ತದೆ ಎನ್ನುವುದು ಹಳೆಯ ಮಾತು. ಜೆ.ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಪುಸ್ತಕ ಬರೆದಾಗ ಅದೇ ದೊಡ್ಡ ಸಾಧನೆಯಾಗಿತ್ತು. ಎಂ. ಚಿದಾನಂದಮೂರ್ತಿಯವರು ಅವೇ ಕಲ್ಲುಗಳಿಗೆ ಬೇರೆ ಪ್ರಶ್ನೆ ಕೇಳಿದರು. 450ರಿಂದ 1150ರವರೆಗಿನ ಶಾಸನಗಳಲ್ಲಿ ಜನ ಹೇಗೆ ಬದುಕಿದರು, ಏನು ಕಲಿತರು, ಯಾರಿಗಾಗಿ ಪ್ರಾಣ ಕೊಟ್ಟರು ಎಂದು ಹುಡುಕಿ ಬರೆದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು. ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ ಜ್ಯೋತ್ಸ್ನಾ ಕಾಮತರು ಮಧ್ಯಯುಗದ ಕರ್ನಾಟಕದ ಊಟ ಉಡುಗೆ, ಆಟ ಪಾಠಗಳ ಮೇಲೆ ಬರೆದ ಇಂಗ್ಲಿಷ್ ಗ್ರಂಥ 1980ರಲ್ಲಿ ಹೊರಬಂತು. ಕಲ್ಲು ಬದಲಾಗಲಿಲ್ಲ, ಕೇಳಿದವರ ಪ್ರಶ್ನೆ ಬದಲಾಯಿತು.

ಕಲ್ಲು ಕಾಗದಗಳಲ್ಲಿ ಹೆಸರೇ ಇಲ್ಲದ ಜನರ ಇತಿಹಾಸ ಬರೆಯುವುದು ಹೇಗೆ ಎಂದು ಕೇಳಬಹುದು. ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗುಂಥರ್ ಸೊಂಥೈಮರ್ ಮಹಾರಾಷ್ಟ್ರದ ಧನಗರ ವಾಡಿಗಳಲ್ಲಿ ತಿರುಗಾಡಿ, ಬಿರೋಬಾ, ಮಸ್ಕೋಬಾ, ಖಂಡೋಬಾ ದೇವರ ಓವಿಗಳನ್ನು ಕೇಳಿ ಸಂಗ್ರಹಿಸಿ, ಕುರಿಗಾರರ ಇತಿಹಾಸಕ್ಕೆ ಅವನ್ನೇ ಆಧಾರವಾಗಿಸಿಕೊಂಡರು. ನಮ್ಮ ಕುರುಬರ ಮನೆಗಳಲ್ಲಿ ಬೀರಪ್ಪನ ಡೊಳ್ಳಿನ ಹಾಡು ಹಾಡುವ ಅಜ್ಜಂದಿರು ಇನ್ನೂ ಇದ್ದಾರೆ. ಜರ್ಮನಿಯಿಂದ ಬಂದವರಿಗೆ ಮೌಲ್ಯ ಕಂಡದ್ದು ನಮ್ಮ ಕಣ್ಣಿಗೆ ಕಾಣದಿದ್ದರೆ ಯಾರನ್ನು ದೂರೋಣ? ಅಮೇರಿಕೆಯ ರಿಚರ್ಡ್ ಈಟನ್ನರು ವಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕ 1978ರಲ್ಲಿ ಬಂತು. ಬೀಸುವ ಕಲ್ಲಿನ ಮುಂದೆ, ರಾಟೆಯ ಮುಂದೆ ಹೆಂಗಸರು ಹಾಡುತ್ತಿದ್ದ ದಖನಿ ಹಾಡುಗಳಿಂದ ಧರ್ಮದ ಮಾತು ಮನೆಮನೆಗೆ ಹೇಗೆ ತಲುಪಿತೆಂದು ಅವರು ತೋರಿಸಿದ್ದಾರೆ. ಬೀಸುವ ಕಲ್ಲಿನ ಹಾಡೂ ಸಾಕ್ಷಿಯಾಗಬಲ್ಲದು ಎಂದಾಯಿತು.

ಇನ್ನು ವ್ಯವಹಾರದ ಮಾತು. ಹನ್ನೆರಡನೆಯದರ ನಂತರ ಬಿ.ಎ.ಗೆ ಮೂರು ವರ್ಷ. ಹೊಸ ಪದ್ಧತಿಯಲ್ಲಿ ನಾಲ್ಕನೆಯ ವರ್ಷವನ್ನು ಸಂಶೋಧನೆಯೊಂದಿಗೆ ಮುಗಿಸುವ ಅವಕಾಶವುಂಟು. ಎಂ.ಎ. ಎರಡು ವರ್ಷ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು, ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕು. ಎಂ.ಎ.ಯಲ್ಲಿ ಪ್ರತಿಶತ 55 ಗುಣ ಬೇಕು, ಮೀಸಲು ವರ್ಗದವರಿಗೆ ಸ್ವಲ್ಪ ಸಡಿಲಿಕೆಯಿದೆ. ಅಂದರೆ ಹತ್ತನೆಯದನ್ನು ಮುಗಿಸಿದ ಮಗು ಡಾಕ್ಟರ್ ಎನ್ನಿಸಿಕೊಳ್ಳುವ ಹೊತ್ತಿಗೆ ಹತ್ತು ಹನ್ನೆರಡು ವರ್ಷ ಕಳೆದಿರುತ್ತದೆ. ಪಾಲಕರು ಇದನ್ನು ಮೊದಲೇ ತಿಳಿದಿರಬೇಕು.

ಎಲ್ಲಿ ಓದಬೇಕು? ಕೊಲ್ಲಾಪುರದ ಶಿವಾಜಿ ವಿದ್ಯಾಪೀಠ 1962ರದು, ನಮ್ಮ ಜಿಲ್ಲೆ ಅದರ ವ್ಯಾಪ್ತಿಯಲ್ಲೇ ಇದೆ. ಮರಾಠರ ಇತಿಹಾಸ, ಸಂಸ್ಥಾನಗಳ ಇತಿಹಾಸ ಓದುವವರಿಗೆ ಅದು ಅನುಕೂಲ. ಶಾಸನಗಳ ಕಡೆ ಒಲವಿದ್ದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ತವರುಮನೆ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಈ ವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವುಂಟು. ಅದಕ್ಕಿಂತ ಹತ್ತು ವರ್ಷ ಮೊದಲೇ, 1939ರಲ್ಲಿ, ಮುಂಬಯಿ ಸರಕಾರ ಅಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದಿತ್ತು. ಆರ್.ಎಸ್. ಪಂಚಮುಖಿ, ಪಾಂಡುರಂಗರಾವ ದೇಸಾಯಿ ಮೊದಲಾದವರು ದುಡಿದ ಸ್ಥಳವದು. ಉತ್ಖನನ, ಪುರಾತತ್ವ ಬೇಕೆನ್ನುವವರಿಗೆ ಪುಣೆಯ ಡೆಕ್ಕನ್ ಕಾಲೇಜು. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಪಾಲಕರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಸಾಂಗಲಿಗಿಂತ ಹತ್ತಿರವೆಂಬುದನ್ನು ನೆನಪಿಸುತ್ತೇವೆ. ಕರ್ನಾಟಕಕ್ಕೆ ಹೋಗುವವರು ಹೊರರಾಜ್ಯದವರ ಶುಲ್ಕ, ಗಡಿನಾಡ ಕನ್ನಡಿಗರ ಸವಲತ್ತು ತಮಗೆ ಹೇಗೆ ಅನ್ವಯಿಸುತ್ತದೆಂದು ಅರ್ಜಿ ತುಂಬುವ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಆಮೇಲೆ ಓಡಾಡಿದರೆ ಪ್ರಯೋಜನವಿಲ್ಲ.

ದುಡ್ಡಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ವರ್ಷಕ್ಕೆರಡು ಬಾರಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದು ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ. ಮನೆಗೆ ಭಾರವಾಗದೆ ಓದಲು ಇದು ಸಾಕು. ಮಹಾರಾಷ್ಟ್ರದಲ್ಲಿ ಬಾರ್ಟಿ, ಸಾರಥಿ, ಮಹಾಜ್ಯೋತಿ ಎಂಬ ಸಂಸ್ಥೆಗಳು ಆಯಾ ವರ್ಗದ ಸಂಶೋಧಕರಿಗೆ ಪ್ರತ್ಯೇಕ ಸಹಾಯ ಕೊಡುತ್ತವೆ. ಆದರೆ ನೆಟ್ ಕಠಿಣ. ಇತಿಹಾಸದ ಪ್ರಶ್ನೆಪತ್ರಿಕೆ ಹಿಂದಿ ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷನ್ನು ಎಂ.ಎ.ಯಲ್ಲಿ ಕಲಿತರಾಯಿತು ಎಂದು ಬಿಟ್ಟವರು ಇಲ್ಲಿ ಎಡವುತ್ತಾರೆ. ಕನ್ನಡ ಮಾಧ್ಯಮ ಅದಕ್ಕೆ ಕಾರಣವಲ್ಲ, ಆಲಸ್ಯ ಕಾರಣ. ಇನ್ನು ಪದವಿ ಬಂದ ಮೇಲೆ? ಅನುದಾನಿತ ಕಾಲೇಜಿನ ಕಾಯಂ ಹುದ್ದೆಗಳು ನಿಧಾನವಾಗಿ ತುಂಬುತ್ತವೆ. ತಾಸಿನ ಲೆಕ್ಕದ ಮೇಲೆ ಪಾಠ ಹೇಳುತ್ತ ವರ್ಷಗಟ್ಟಲೆ ಕಾಯುವ ಡಾಕ್ಟರರು ಈ ಭಾಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪುರಾತತ್ವ ಇಲಾಖೆ, ಪುರಾಲೇಖಾಗಾರ, ವಸ್ತುಸಂಗ್ರಹಾಲಯ, ಮೈಸೂರಿನಲ್ಲಿರುವ ಕೇಂದ್ರ ಸರಕಾರದ ಶಾಸನ ಶಾಖೆ, ನಾಗಪುರದ ಅರಬ್ಬೀ ಪರ್ಷಿಯನ್ ಶಾಸನ ಶಾಖೆ ಇವೆಲ್ಲ ಉಂಟಾದರೂ ಜಾಗಗಳು ಕಡಿಮೆ. ಅದಕ್ಕಾಗಿ ನಮ್ಮ ಸಲಹೆ ಇಷ್ಟು: ಮನೆಯ ಒಬ್ಬನೇ ದುಡಿಯುವ ಮಗ, ತಲೆಯ ಮೇಲೆ ಸಾಲ ಇದ್ದರೆ, ಎಂ.ಎ. ಜೊತೆಗೆ ಬಿ.ಎಡ್. ಅಥವಾ ಸ್ಪರ್ಧಾ ಪರೀಕ್ಷೆಯ ಸಿದ್ಧತೆ ಇರಲಿ. ಫೆಲೋಶಿಪ್ ಇಲ್ಲದೆ ಪಿಎಚ್.ಡಿ.ಗೆ ಹೊಲ ಒತ್ತೆಯಿಡಬೇಡಿ.

ನೌಕರಿಯಿದ್ದುಕೊಂಡು ಸಂಶೋಧನೆ ಆಗದೇ? ಆಗುತ್ತದೆ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರು. ಕೋರ್ಟಿನ ಕೆಲಸದ ನಡುವೆ ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಅವರು ಹಾಗೆ ತಿರುಗದೇ ಇದ್ದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ ಊಹಿಸಿ. ಅವರ ಹೆಸರಿನ ಸಂಶೋಧನ ಕೇಂದ್ರ ಈಗ ಅದೇ ಊರಿನಲ್ಲಿದ್ದು, ಆದಿಲಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತಂದಿದೆ. ಮನೆ ಮಾರಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ರವಿವಾರಗಳನ್ನು ಕೊಟ್ಟರೆ ಸಾಕು.

ವಿದೇಶದ ಹಂಬಲ ಇದ್ದವರಿಗೂ ಒಂದು ಮಾತು. ಅಮೇರಿಕೆಯ ದೊಡ್ಡ ಸಂಶೋಧನ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಆರಿಸಿಕೊಂಡವರಿಂದ ಸಾಮಾನ್ಯವಾಗಿ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬದುಕಲು ವೇತನ ಕೊಡುತ್ತವೆ, ಬದಲಿಗೆ ಕೆಲವು ವರ್ಷ ಕೆಳಗಿನ ತರಗತಿಗಳಿಗೆ ಪಾಠ ಹೇಳಿಸುತ್ತವೆ. ಮೊದಲ ಎರಡು ವರ್ಷ ತರಗತಿ, ಆಮೇಲೆ ಕಠಿಣವಾದ ಅರ್ಹತಾ ಪರೀಕ್ಷೆ, ಅನಂತರ ದಫ್ತರಗಳಲ್ಲಿ ಕೆಲಸ, ಕೊನೆಗೆ ಬರವಣಿಗೆ. ಒಟ್ಟು ಆರೇಳು ವರ್ಷ. ದಖ್ಖನಿನ ಮೇಲೆ ಕೆಲಸ ಮಾಡಲು ಅಲ್ಲಿಯವರು ನಮ್ಮ ಭಾಷೆಗಳನ್ನು ಹೊಸದಾಗಿ ಕಲಿಯುತ್ತಾರೆ.

ಎಲ್ಲಿಯೇ ಆಗಲಿ, ಊರಿಗಿಂತ ಮಾರ್ಗದರ್ಶಕರು ಮುಖ್ಯ. ವಿದ್ಯಾಪೀಠದ ಹೆಸರು ನೋಡಿ ಸೇರುವ ಮೊದಲು ಆ ಪ್ರಾಧ್ಯಾಪಕರು ಸ್ವತಃ ಏನು ಬರೆದಿದ್ದಾರೆ, ಅವರ ಕೈಕೆಳಗೆ ಎಷ್ಟು ಜನ ಕೆಲಸ ಮುಗಿಸಿದ್ದಾರೆ ಎಂದು ವಿಚಾರಿಸಬೇಕು. ವಿಷಯವನ್ನು ಚಿಕ್ಕದಾಗಿ ಹಿಡಿಯಬೇಕು. ‘ಜತ್ತ ಸಂಸ್ಥಾನದ ಇತಿಹಾಸ’ ಎಂದರೆ ಹತ್ತು ಜನರ ಕೆಲಸ. ‘ಜತ್ತ ಸಂಸ್ಥಾನದಲ್ಲಿ ಬರಗಾಲ ಬಂದಾಗ ಕಂದಾಯ ಬಿಟ್ಟುಕೊಟ್ಟ ಕ್ರಮ’ ಎಂದರೆ ಒಬ್ಬನಿಂದ ಆಗಬಹುದು, ಓದುವವನಿಗೂ ಹೊಸದು. ಬೇರೆಯವರ ಪುಟ ಎತ್ತಿ ತನ್ನದೆಂದು ಬರೆಯುವುದನ್ನು ಈಗ ಯಂತ್ರಗಳೇ ಹಿಡಿದುಕೊಡುತ್ತವೆ. ಹಿಡಿಯದಿದ್ದರೂ ಅದು ಕಳವೇ.

ಎಂಟನೆಯ ಒಂಬತ್ತನೆಯ ಇಯತ್ತೆಯಲ್ಲಿ ಇರುವವರು ಈಗ ಮಾಡಬಹುದಾದದ್ದೂ ಉಂಟು. ಈ ಬೇಸಿಗೆ ಸೂಟಿಯಲ್ಲಿ ನಿಮ್ಮ ಊರಿನ ಗುಡಿ, ಬಾವಿ, ಅಗಸಿ, ಹೊಲದ ಬದುವಿನ ಮೇಲೆ ಅಕ್ಷರವಿದ್ದ ಕಲ್ಲು, ವೀರಗಲ್ಲು ಎಲ್ಲೆಲ್ಲಿವೆ ಎಂದು ಒಂದು ವಹಿಯಲ್ಲಿ ಬರೆಯಿರಿ: ಯಾರ ಹೊಲ, ಯಾವ ದಿಕ್ಕಿಗೆ ಮುಖ, ಎಷ್ಟು ಸಾಲು, ಮೇಲೆ ಸೂರ್ಯ ಚಂದ್ರ, ಆಕಳು ಕರು, ಲಿಂಗ ಏನೇನು ಕೆತ್ತಿದ್ದಾರೆ. ಮುಂಜಾನೆ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ನಡು ಮಧ್ಯಾಹ್ನದಲ್ಲಿ ಕಾಣುವುದಿಲ್ಲ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ಮೊಳೆಯಿಂದ ಕೆದರಬೇಡಿ. ಕಲ್ಲನ್ನು ಇದ್ದ ಜಾಗದಿಂದ ಅಲ್ಲಾಡಿಸಬೇಡಿ. ಮನೆಯ ಅಟ್ಟದ ಮೇಲಿನ ಮೋಡಿ ಕಾಗದಗಳಿದ್ದರೆ ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಧೂಳು ಝಾಡಿಸಿ, ಒಣ ಬಟ್ಟೆಯಲ್ಲಿ ಸುತ್ತಿಡಿ. ಅಂಟು ಪಟ್ಟಿ ಹಚ್ಚಿ ಹರಿದದ್ದನ್ನು ಕೂಡಿಸಲು ಹೋಗಬೇಡಿ. ವಹಿಯನ್ನು ಜೂನ್‌ದಲ್ಲಿ ಶಾಲೆ ತೆರೆದಾಗ ಇತಿಹಾಸದ ಗುರುಗಳ ಕೈಗೆ ಕೊಡಿ. ಊರವಾರು ಕೂಡಿಸಿ ನಾವು ಅದನ್ನು ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇವೆ, ಒಂದು ಪ್ರತಿಯನ್ನು ಕೊಲ್ಲಾಪುರಕ್ಕೂ ಒಂದನ್ನು ಧಾರವಾಡಕ್ಕೂ ಕಳಿಸುತ್ತೇವೆ.